ಬಾಳವ್ವನ ಕಾಲಮ್ಮಿನ ಸೊನ್ನೆಗಳು

1987ನೇ ಇಸವಿ ಫೆಬ್ರುವರಿ 19, ಗುರುವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬಾಳವ್ವ ನಮ್ಮ ಮನೆಯ ಹೊಸ್ತಿಲಾಚೆ ಬಂದು ನಿಂತರು. ಹೊತ್ತನ್ನು ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ನಾನು ನಮ್ಮೂರ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕಪ್ಪೆಯ ತಲೆಬುರುಡೆ ಬಿಡಿಸಿ, ಮಿದುಳನ್ನು ಹರಿಯದಂತೆ ಹೊರತೆಗೆದು ಹುಡುಗರಿಗೆ ತೋರಿಸುವುದು ನನ್ನ ಕೆಲಸ. ಕೈ ನಡುಗಿದರೆ ಕಪ್ಪೆಯ ಮಿದುಳು ಉಳಿಯುವುದಿಲ್ಲ. ಆ ವರ್ಷ ನನ್ನ ಕೈಯಲ್ಲಿ ಹಾಳಾದ ಕಪ್ಪೆಗಳು ಹದಿನೇಳು. ಅದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದೆ, ‘ಈಚೆಗೆ ಕಪ್ಪೆಗಳ ಗುಣಮಟ್ಟ ಕುಸಿದಿದೆ’ ಎಂಬ ಟಿಪ್ಪಣಿಯೊಂದಿಗೆ.

ಬಾಳವ್ವ ಪಕ್ಕದ ಮನೆಯವರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ನಮ್ಮಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ಆ ಗೋಡೆಯ ಈ ಬದಿಗೆ ನನ್ನ ಮಂಚ, ಆ ಬದಿಗೆ ಅವರ ಹಾಸಿಗೆ. ನಮ್ಮೂರಲ್ಲಿ ಒಬ್ಬರ ತಲೆಯಿಂದ ಜಾರಿದ್ದು ಅವರು ಮಲಗಿದಾಗ ಗೋಡೆಯಾಚೆ ಮಲಗಿದವರ ತಲೆಗೆ ಹೋಗುತ್ತದೆ. ಮರುದಿನ ಚಹಾಕ್ಕೆ ನೀರಿಡುವ ಮೊದಲು ಅವರು ಬಂದು, ಹೊಸ್ತಿಲು ದಾಟದೆ ನಿಂತು, ಬಂದದ್ದನ್ನು ಬಂದ ಹಾಗೆ ಹೇಳಿ ಹೋಗಬೇಕು. ಮೂರನೆಯವರ ಕಿವಿಗೆ ಹಾಕಬಾರದು. ತಾನಾಗಿ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಮೂರನೆಯವರಿಗೆ ಹೇಳಿದವರನ್ನು ಜನ ಬೈದು ಸುಮ್ಮನಾಗುತ್ತಾರೆ. ಹೊಸ್ತಿಲಲ್ಲಿ ನಿಂತು ಸುಳ್ಳು ಹೇಳಿದವನಿಗೆ ಮಾತ್ರ ‘ಗ್ವಾಡಿಗೇಡಿ’, ಗೋಡೆ ಕೆಡಿಸಿದವನು, ಎಂದು ಹೆಸರು ಬೀಳುತ್ತದೆ. ಆಮೇಲೆ ಅವನ ಗೋಡೆಗೆ ತಾಗಿಸಿ ಯಾರೂ ಹಾಸಿಗೆ ಹಾಸುವುದಿಲ್ಲ.

ಊರು ಇದಕ್ಕೆ ಒಗ್ಗಿಹೋಗಿತ್ತು. ಹುಡುಗರ ಹಾಸ್ಟೆಲಿನ ಗೋಡೆಗೆ ಹತ್ತಿದ ಮನೆಯಲ್ಲಿ ಕಾಯಿಪಲ್ಯೆ ಮಾರುವ ಹುಸೇನಬಿ ಇದ್ದಳು. ಮಾರ್ಚ್ ತಿಂಗಳಲ್ಲಿ ಪರೀಕ್ಷೆಯ ಹೆದರಿಕೆಗೆ ಹುಡುಗರು ಬಾಯಿಪಾಠ ಮಾಡಿದ್ದೆಲ್ಲ ಜಾರಿ ಅವಳ ತಲೆಗೆ ಬರುತ್ತಿತ್ತು. ಬದನೆಕಾಯಿ ಬುಟ್ಟಿ ಹೊತ್ತುಕೊಂಡೇ ಕಾಲೇಜಿನ ಗೇಟಿಗೆ ಬಂದು, “ಮಾಸ್ತರ, ಕ್ರೆಬ್ಸ್ ಚಕ್ರ ಯಾವ ಹುಡುಗಂದು ಬಿದ್ದೈತಿ ನೋಡ್ರಿ. ಪಾಪ, ಇವತ್ತ ಪೇಪರ್ ಐತಂತ. ಲಗೂನ ಕರೀರಿ, ನನಗ ಸಂತಿಗೆ ಹೊತ್ತಾಗತೈತಿ” ಎನ್ನುತ್ತಿದ್ದಳು. ಭಂಗಿ ಸೇದುವ ನೇಕಾರನೊಬ್ಬನ ನೆರೆಯವನಿಗೆ ಬರುತ್ತಿದ್ದದ್ದು ಬರೀ ಚೂರುಗಳು, ಹಿಂದಿನದು ಮುಂದೆ ಮುಂದಿನದು ಹಿಂದೆ. ಅವನು ಹೊಸ್ತಿಲಲ್ಲಿ ನಿಂತು ಅವನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಹೆಣ್ಣು ಕೊಡುವವರು ಹುಡುಗನ ಮನೆಗಿಂತ ಮೊದಲು ಹುಡುಗನ ನೆರೆಮನೆಗೆ ಹೋಗುತ್ತಿದ್ದರು. ನನಗೆಂದು ಬಂದ ಮೂರು ಕಡೆಯವರೂ ನೇರ ಬಾಳವ್ವನ ಮನೆಗೆ ಹೋದರು. ಬಾಳವ್ವ ನಿಯಮ ಮುರಿಯುವವರಲ್ಲ. ಒಂದು ಮಾತೂ ಆಡದೆ ಚಹಾ ಕೊಟ್ಟು ಕಳಿಸಿದರು. ಅವರು ಏನನ್ನೂ ಹೇಳದೆ ಇದ್ದದ್ದೇ ಸಾಕಾಗಿರಬೇಕು. ಮೂರೂ ಕಡೆಯವರು ಅಲ್ಲಿಂದಲೇ ಬಸ್‌ ಸ್ಟ್ಯಾಂಡಿಗೆ ಹೋದರು.

ನಾನು ಕುಡಿಯುತ್ತಿದ್ದೆ. ಸಂಜೆ ಐದೂವರೆಗೆ ಕಾಲೇಜಿನಿಂದ ಸೆರೆ ಅಂಗಡಿಗೆ, ಅಲ್ಲಿಂದ ಮನೆಗೆ. ಮನೆಗೆ ಹೇಗೆ ಬರುತ್ತಿದ್ದೆ ಎಂಬುದನ್ನು ಮರುದಿನ ಬಾಳವ್ವ ಹೇಳುತ್ತಿದ್ದರು. “ನಿನ್ನಿ ನೀವು ಅಂಚೆಪೆಟ್ಟಿಗಿ ಮುಂದ ನಿಂತು ಅದಕ್ಕ ಕಪ್ಪಿ ಪಾಠ ಮಾಡಿದ್ರಿ. ಅರ್ಧಾ ತಾಸು. ಕಡೀಕ ಹಾಜರಿ ತಗೊಂಡ್ರಿ.” ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಟುಬಿಡುತ್ತಿದ್ದರು. ನಗುತ್ತಿರಲಿಲ್ಲ, ಅದು ಸೇರಿಸಿದಂತಾಗುತ್ತದೆ.

ನನ್ನನ್ನು ಕಾಡಿದ ಪ್ರಶ್ನೆ ಬೇರೆಯೇ. ಮಿದುಳಿನ ಒಳಗೆ ಎರಡೂ ಬದಿಗೆ ಕಿರುಬೆರಳಿನಷ್ಟು ಉದ್ದದ ಹಿಪ್ಪೋಕ್ಯಾಂಪಸ್ ಎಂಬ ಭಾಗವಿದೆ. ದಿನದ ಘಟನೆಗಳು ನೆನಪಾಗಿ ಕೂರುವುದು ಅದರ ಮೂಲಕ. ಗಟಗಟ ಕುಡಿದಾಗ ಅದು ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. ಮನುಷ್ಯ ನಡೆಯುತ್ತಿರುತ್ತಾನೆ, ಜಗಳವಾಡುತ್ತಿರುತ್ತಾನೆ, ಅಂಚೆಪೆಟ್ಟಿಗೆಯ ಹಾಜರಿ ತೆಗೆದುಕೊಳ್ಳುತ್ತಿರುತ್ತಾನೆ. ಒಳಗೆ ಮಾತ್ರ ಏನೂ ದಾಖಲಾಗುವುದಿಲ್ಲ. ಅಂದರೆ ಕುಡಿದವನು ಮರೆಯುವುದಿಲ್ಲ. ಅವನಲ್ಲಿ ಆ ನೆನಪು ಹುಟ್ಟಿಯೇ ಇರುವುದಿಲ್ಲ. ಹುಟ್ಟದೇ ಇದ್ದದ್ದು ಗೋಡೆ ದಾಟಿ ಬಾಳವ್ವನ ತಲೆಗೆ ಹೋದದ್ದು ಹೇಗೆ? ಈ ಪ್ರಶ್ನೆಗೆ ನಾಲ್ಕು ವರ್ಷ ಮತ್ತು ಮೂರು ನೋಟ್‌ಬುಕ್ ಖರ್ಚು ಮಾಡಿದೆ. ಕುಡಿಯುವುದನ್ನು ಕಡಿಮೆ ಮಾಡಿದರೆ ಹೇಗೆ ಎಂಬ ಪ್ರಶ್ನೆ ಆ ಮೂರರಲ್ಲಿ ಯಾವುದರಲ್ಲೂ ಬಂದಿಲ್ಲ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ಮುಗಳಿದ್ದವು. ಎಡಕ್ಕೆ, ನನ್ನಿಂದ ಬಾಳವ್ವನಿಗೆ ಹೋದದ್ದು. ಬಲಕ್ಕೆ, ಬಾಳವ್ವನಿಂದ ನನಗೆ ಬಂದದ್ದು. ಎರಡಕ್ಕೂ ಅವಧಿಯನ್ನು ನಿಮಿಷ, ಸೆಕೆಂಡಿನಲ್ಲಿ ಬರೆಯುತ್ತಿದ್ದೆ. ಎಡಗಡೆ ಪುಟಗಟ್ಟಲೆ ತುಂಬಿತ್ತು. ಬಲಗಡೆ ಸೊನ್ನೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನವೂ ನಾನು ಅವರ ಹೊಸ್ತಿಲಿಗೆ ಹೋಗುವ ಪ್ರಸಂಗ ಬಂದಿರಲಿಲ್ಲ. ಎಂಥ ತಲೆ! ಊರಿನ ಅಷ್ಟೂ ಟೆಲಿಫೋನ್ ನಂಬರು ಬಾಯಲ್ಲಿದ್ದವರು, ಒಂದು ಚೂರನ್ನೂ ಜಾರಲು ಬಿಟ್ಟಿಲ್ಲ. ಈ ಬಗ್ಗೆ ಒಂದು ಪ್ರಬಂಧ ಬರೆಯುವ ವಿಚಾರವೂ ಇತ್ತು. ಶೀರ್ಷಿಕೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಆ ಗುರುವಾರ ಬಾಳವ್ವ ಎಂದಿನ ಹಾಗೆ ಶುರುಮಾಡಲಿಲ್ಲ.

“ಮಾಸ್ತರ, ಇವತ್ತ ನಾ ಹೇಳಾಕ ಬಂದಿಲ್ರಿ. ಕೇಳಾಕ ಬಂದೀನಿ.”

“ಏನ್ರೀ ಅಕ್ಕಾರ?”

“ನಿನ್ನಿ ಸಂಜೀಕ ನಾ ಎಲ್ಲಿಗಿ ಹೋಗಿದ್ನಿ?”

ನಾನು ತಲೆಯೊಳಗೆ ಹುಡುಕಿದೆ. ಅಲ್ಲಿ ತಲೆನೋವು ಮಾತ್ರ ಇತ್ತು.

“ಮುಂಜಾನೆದ್ದು ನೋಡ್ತೀನಿ, ಕಾಲಿಗೆ ಕೆಂಪು ಮಣ್ಣು ಹತ್ತೈತಿ” ಎಂದರು. “ಬಾಗಿಲಾ ತೆರದಿತ್ತು. ಸ್ಟವ್ ಮ್ಯಾಲ ಪಾತೇಲಿ ಸುಟ್ಟು ಕರ್ರಗಾಗೈತಿ. ನಾಲ್ಕು ಗಂಟೀತನಕ ನೆನಪೈತಿ. ಆಮ್ಯಾಲಿಂದು ನಿಮ್ಮ ಕಡೆ ಬಂದಿರಬೇಕಲ್ಲ?”

ಬಂದಿರಲಿಲ್ಲ. ಬಂದಿಲ್ಲ ಎನ್ನಬೇಕಿತ್ತು. ಆದರೆ ಹನ್ನೊಂದು ವರ್ಷ ನನ್ನ ಎಲ್ಲ ಸಂಜೆಗಳನ್ನು ಚೊಕ್ಕವಾಗಿ ತಂದೊಪ್ಪಿಸಿದವರು ಮೊದಲ ಬಾರಿ ಕೈಚಾಚಿ ನಿಂತಾಗ ಬರಿಗೈ ತೋರಿಸಲು ನಾಚಿಕೆಯಾಯಿತು. ದಶಾಂಶದ ಮೂರನೇ ಸ್ಥಾನಕ್ಕಾಗಿ ವಿದ್ಯಾರ್ಥಿಗಳನ್ನು ಗದರಿಸುವ ಮನುಷ್ಯ ನಾನು. ನಿಂತ ಕಾಲಲ್ಲೇ ಇಡೀ ಸಂಜೆಯನ್ನು ಹುಟ್ಟಿಸಿದೆ.

“ದೂರ ಎಲ್ಲಿಗೂ ಹೋಗಿಲ್ರಿ. ಹಿತ್ತಲದಾಗ ತುಳಸಿಗೆ ನೀರು ಹಾಕಿದ್ರಿ, ಬಂದು ಮಲಕೊಂಡ್ರಿ.”

“ಹಿತ್ತಲದಾಗ ಕರೀ ಮಣ್ಣೈತ್ರಿ.”

“ಅದಕ್ಕೂ ಮೊದಲು ಅಂಚೆ ಕಚೇರಿ ತನಕ ಹೋಗಿ ಬಂದ್ರಿ. ಅಲ್ಲಿ ಕೆಂಪು ಮಣ್ಣು ಹಾಕ್ಯಾರ.”

“ಯಾಕ ಹೋಗಿದ್ನಿ?”

“ಕಾರ್ಡು ತರಾಕ.”

ಬಾಳವ್ವ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: “ಇನ್ನೊಂದೈತಿ. ತಿಂಗಳ ಮ್ಯಾಲಾತು, ನಮ್ಮವರ ದನಿ ನೆನಪಿಗೆ ಬರವಲ್ದು. ಮಾತು ಅದಾವ, ದನಿ ಇಲ್ಲ. ನಿಮ್ಮ ಕಡೆ ಬಂದೈತೇನ್ರಿ?”

ಅವರ ಯಜಮಾನರು ಈರಸಂಗಪ್ಪ, ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ನಾನು ಈ ಓಣಿಗೆ ಬರುವುದಕ್ಕೂ ಮೊದಲೇ ತೀರಿಕೊಂಡಿದ್ದರು. ಅವರ ದನಿಯನ್ನು ನಾನು ಕೇಳಿಯೇ ಇಲ್ಲ.

“ಬಂದೈತ್ರಿ” ಎಂದೆ. “ದಪ್ಪ ದನಿ. ಗಂಭೀರ.”

“ಹೌದಾ? ದಿನಾ ಮಧ್ಯಾಹ್ನ ಮೂರಕ್ಕ ಅಂಗಡಿಯಿಂದ ಎಕ್ಸ್‌ಚೇಂಜಿಗೆ ಫೋನ್ ಹಚ್ಚಿ ನನಗ ಒಂದು ನಂಬರ್ ಕೇಳ್ತಿದ್ರು. ದನಿ ಬಂದಿದ್ರ ನಂಬರೂ ಬಂದಿರಬೇಕು. ಯಾವ್ದು ಹೇಳ್ರಿ?”

ಎಲ್ಲೋ ಬೋರ್ಡಿನ ಮೇಲೆ ಕಂಡಿದ್ದ ಒಂದು ನಂಬರು ಬಾಯಿಗೆ ಬಂತು. “ಎರಡನೂರಾ ಹದಿನಾಲ್ಕು.”

“ಅದು ದನದ ದವಾಖಾನಿದು” ಎಂದರು ಬಾಳವ್ವ.

ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮಾತ್ರ ಕೆಟ್ಟ ಲೈನನ್ನು ತಪಾಸಣೆ ಮಾಡುವವರ ಹಾಗೆ ಒಂದೊಂದೇ ಕೇಳಿದರು.

“ನಮ್ಮವರ ನಂಬರ್ ನನಗಿನ್ನೂ ನೆನಪೈತಿ ಮಾಸ್ತರ. ಸುಮ್ಮ ಕೇಳಿ ನೋಡಿದ್ನಿ. ಒಂದ ಖರೇ ಹೇಳ್ರಿ. ಹನ್ನೊಂದು ವರ್ಷದಾಗ ನನ್ನ ಕಡಿಂದ ನಿಮಗೇನರ ಬಂದೈತೋ ಇಲ್ಲೋ?”

“ಇಲ್ರಿ. ನೀವು ಏನೂ ಮರತಿಲ್ಲ ಅಂತ ತಿಳಕೊಂಡಿದ್ನಿ.”

“ನಾ ಮನುಷ್ಯಾಳಲ್ಲೇನು? ಕೀಲಿಕೈ ಎಲ್ಲಿಟ್ಟೀನಿ ಅಂತ ದಿನಾ ಹುಡುಕ್ತೀನಿ. ನಿಮ್ಮ ತಲಿಗೆ ಬಂದಿರತೈತಿ, ಸಣ್ಣ ವಿಷಯ ಅಂತ ಹೇಳಾಕ ಬರಾಂಗಿಲ್ಲ ಅಂದ್ಕೊಂಡಿದ್ನಿ.” ಒಂದು ಉಸಿರು ಬಿಟ್ಟು ಹೇಳಿದರು: “ರಿಸೀವರ್ ತಗದು ಕೆಳಗಿಟ್ಟು, ಯಾರೂ ಫೋನ ಹಚ್ಚಿಲ್ಲ ಅಂದಂಗಾತು ನಿಮ್ಮ ಸಂಶೋಧನಾ.”

ಇಷ್ಟು ಸರಳವಾದದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಕುಡಿದ ತಲೆ ಬರೆಯುವುದಿಲ್ಲ. ತನ್ನದನ್ನು ಬರೆಯದ ತಲೆ ಬೇರೆಯವರದನ್ನು ಎಲ್ಲಿಂದ ಬರೆದುಕೊಂಡೀತು? ನಾಲ್ಕು ವರ್ಷದಿಂದ ಈ ಸೂತ್ರವನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಒಂದೇ ಮುಖ ನೋಡುತ್ತಿದ್ದೆ. ಬಲಗಡೆಯ ಸೊನ್ನೆಗಳಿಗೂ ಬಾಳವ್ವನ ನೆನಪಿನ ಶಕ್ತಿಗೂ ಯಾವ ಸಂಬಂಧವೂ ಇರಲಿಲ್ಲ. ಅವು ನನ್ನ ಬಾಟಲಿಯ ಅಳತೆ. ಬಾಳವ್ವನಿಂದ ಜಾರಿದ್ದೆಲ್ಲ ನನ್ನ ಗೋಡೆಗೆ ಬಂದು, ನನ್ನ ತಲೆಯಲ್ಲಿ ಜಾಗ ಸಿಗದೆ, ಎಲ್ಲೂ ಇಲ್ಲದಂತಾಗಿತ್ತು. ಈರಸಂಗಪ್ಪನವರ ದನಿಯೂ.

“ಇಷ್ಟ್ಯಾಕ ಜಾರಾಕ ಹತ್ತೈತ್ರಿ?” ಎಂದು ಕೇಳಿದೆ. ಕೇಳಬಾರದಿತ್ತು.

“ಮೂರು ವರ್ಷಾತು, ನಿದ್ದಿ ಹತ್ತೂದಿಲ್ಲ. ಹಾಸಿಗಿ ಮ್ಯಾಲ ಬಿದ್ರ ಎದಿ ಡವಡವ ಅಂತೈತಿ, ಇವತ್ತ ನಿಮ್ಮದೇನು ಬರತೈತೋ ಅಂತ. ನೀವು ಬಿದ್ದದ್ದು, ಅತ್ತದ್ದು, ಭಾಂವಿ ದಂಡಿ ಮ್ಯಾಲ ನಿಂತದ್ದು, ಎಲ್ಲಾ ನನ್ನ ತಲ್ಯಾಗ ಕುಂತೈತಿ, ನಾನ ನಿಂತಂಗ. ಡಾಕ್ಟರ್ ಕಡೆ ಹೋದ್ನಿ. ಗುಳಿಗಿ ಕೊಟ್ರು. ಗುಳಿಗಿ ನುಂಗಿದ್ರ ನಿಮ್ಮದು ಬರೂದು ಕಡಿಮಿ ಆತು. ಹಂಗಂತ ಒಂದಿದ್ದದ್ದು ಎರಡಾತು. ಈಗ ಸಂಜೀ ಮುಂದನ ತಗೋತೀನಿ.”

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದೆ. ಎಡಗಡೆಯ ಕಾಲಮ್ಮು ಮೂರು ವರ್ಷದಿಂದ ಇಳಿಯುತ್ತ ಬಂದಿತ್ತು: ದಿನಕ್ಕೆ ಸರಾಸರಿ ನಲವತ್ತು ನಿಮಿಷ, ಆಮೇಲೆ ಹನ್ನೊಂದು, ಆಮೇಲೆ ನಾಲ್ಕು. ಅದಕ್ಕೊಂದು ನಕ್ಷೆ ಬರೆದು ‘ನನ್ನ ಸುಧಾರಣೆ’ ಎಂದು ಹೆಸರಿಟ್ಟಿದ್ದೆ. ಬಣ್ಣದ ಪೆನ್ಸಿಲ್ಲಿನಲ್ಲಿ. ಸುಧಾರಿಸಿದ್ದು ಗುಳಿಗೆಯ ಪ್ರಮಾಣ ಮಾತ್ರ. ಬಹುದಿನದ ಹೆದರಿಕೆ ಕಾರ್ಟಿಸಾಲ್ ಎಂಬ ರಸವನ್ನು ಏರಿಸಿ ಹಿಪ್ಪೋಕ್ಯಾಂಪಸ್ಸನ್ನು ಸವೆಸುತ್ತದೆ, ನಿದ್ದೆಗುಳಿಗೆಯ ಅತಿಬಳಕೆ ಹೊಸ ನೆನಪನ್ನು ಕೂರಲು ಬಿಡುವುದಿಲ್ಲ. ಎರಡನೇ ವರ್ಷದ ಹುಡುಗರಿಗೆ ಪ್ರತಿ ಆಗಸ್ಟ್‌ನಲ್ಲಿ ಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದವನು ನಾನೇ. ಉದಾಹರಣೆ ಗೋಡೆಯಾಚೆ ಮೂರು ವರ್ಷದಿಂದ ಮಲಗಿತ್ತು.

ಸೆರೆ ಬಿಡುತ್ತೇನೆಂದು ಡಾಕ್ಟರ ಬಳಿ ಹೋದೆ. ಇಷ್ಟು ವರ್ಷ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ದಿನಕ್ಕಿಷ್ಟು ಎಂದು ಇಳಿಸಿ, ದಿನಾ ಬಂದು ತೋರಿಸಿ ಎಂದರು. ನನಗೆ ಹೇಳಿಮಾಡಿಸಿದ ಕೆಲಸ. ಪ್ರಯೋಗಾಲಯದಿಂದ ಅಳತೆಯ ಸಿಲಿಂಡರ್ ತಂದು ಹನ್ನೆರಡು ದಿನಗಳ ಪಟ್ಟಿ ಹಾಕಿದೆ. ಸೆರೆ ಅಂಗಡಿಯಲ್ಲಿ ಸಿಲಿಂಡರನ್ನು ಕಣ್ಣಮಟ್ಟಕ್ಕೆ ಹಿಡಿದು ಗೀಟು ನೋಡುತ್ತಿದ್ದಾಗ ನನ್ನ ಹಳೆಯ ಜೊತೆಗಾರ ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ.

“ಏ ರಾಚಪ್ಪ, ಏನೋ ಇದು? ಕುಡಿಯಾಕ ಬಂದೀಯೋ ಔಷಧಿ ತಯಾರ ಮಾಡಾಕ ಬಂದೀಯೋ?”

“ಬಿಡಾಕ ಬಂದೀನಿ.”

“ಬಿಡೂದು ಯಾಕ? ಮನಿ ಬದಲಿ ಮಾಡು. ಆ ಮುದುಕೀಗಿ ತ್ರಾಸ ತಪ್ಪತೈತಿ. ಮೂಲೀ ಮನಿ ಹಿಡಿ, ಆ ಕಡೆ ಗ್ವಾಡಿಗೆ ಯಾರೂ ಇರೂದಿಲ್ಲ. ನೀ ಮಾಡಿದ್ದು ನಿನಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಆರಾಮ!”

ಅದು ಕೆಟ್ಟ ಸಲಹೆಯೇನಲ್ಲ. ಎರಡು ದಿನ ಯೋಚಿಸಿದೆ ಎಂಬುದನ್ನೂ ಬರೆದಿಟ್ಟಿದ್ದೇನೆ. ಆದರೆ ನಾನು ಹೋದರೆ ಬಾಳವ್ವನ ಗೋಡೆಗೆ ಬರುವವರು ಯಾರು? ಅವರು ಬರುವಷ್ಟರಲ್ಲಿ ಇನ್ನೇನೇನು ಜಾರಿರುತ್ತದೋ. ಮಾರ್ಚ್ 3ರಂದು ಸಿಲಿಂಡರ್ ತೊಳೆದು ಕಾಲೇಜಿಗೆ ವಾಪಸ್ ಕೊಟ್ಟೆ. ಅಟೆಂಡರ್ ಅದನ್ನು ಮೂಸಿ ನೋಡಿ ಇನ್ನೊಮ್ಮೆ ತೊಳೆದ.

ಬಾಳವ್ವನೂ ಅದೇ ಡಾಕ್ಟರ ಕೈಯಲ್ಲಿ ಗುಳಿಗೆ ಇಳಿಸತೊಡಗಿದ್ದರು. ದಿನಾ ಬೆಳಿಗ್ಗೆ ಬಂದು, “ಏನೂ ಬಂದಿಲ್ರಿ” ಎಂದಷ್ಟೇ ಹೇಳಿ ಹೋಗುತ್ತಿದ್ದರು. ಗ್ವಾಡಿಗೇಡಿ ಎಂದು ಅವರು ಓಣಿಯಲ್ಲಿ ಸಾರಲಿಲ್ಲ. ಸಾರಿದ್ದರೆ ನಾನು ಊರು ಬಿಡಬೇಕಾಗುತ್ತಿತ್ತು.

ಮಾರ್ಚ್ 21ರಂದು ಎದ್ದಾಗ ನನ್ನದಲ್ಲದ ಒಂದು ಕೈ ಕಣ್ಣಮುಂದೆ ಬಂತು. ಬಳೆ ಹಾಕಿದ ಕೈ, ಶೇಂಗಾದ ಡಬ್ಬಿಯೊಳಗೆ ಕನ್ನಡಕ ಇಟ್ಟು ಮುಚ್ಚಳ ಹಾಕಿತು. ನಾಲ್ಕು ಸೆಕೆಂಡು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡಿದೆ. ಅವರ ಹೊಸ್ತಿಲಾಚೆ ನಿಲ್ಲುವುದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಯಾವ ಕಾಲು ಎಲ್ಲಿಡಬೇಕೆಂದೂ ತಿಳಿಯಲಿಲ್ಲ.

ಬಾಳವ್ವ ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು.

“ಇದು ಸರಿ. ಡಬ್ಬಿ ತಗದು ನೋಡಾಕ ಬಂತು” ಎಂದರು. “ಮುಂದ ನೀವು ಬ್ಯಾರೇ ಏನರ ಹೇಳಿದ್ರ ಯಾವ ಡಬ್ಬಿ ತಗದು ನೋಡ್ಲಿ, ಮಾಸ್ತರ?”

ವಾಪಸ್ ಬಂದು ಬಲಗಡೆಯ ಕಾಲಮ್ಮಿನಲ್ಲಿ ‘4 ಸೆಕೆಂಡು’ ಎಂದು ಬರೆದೆ.

ಏಪ್ರಿಲ್ 6, ಸೋಮವಾರ, ಬೆಳಿಗ್ಗೆ 5 ಗಂಟೆ 55 ನಿಮಿಷಕ್ಕೆ ಎದ್ದಾಗ ನನ್ನ ಬಲಗಿವಿ ಬಿಸಿಯಾಗಿ ಬೆವರಿತ್ತು. ತಲೆಯ ಮೇಲೆ ಹೆಡ್‌ಫೋನಿನ ಭಾರ. ಎದುರಿಗೆ ಸ್ವಿಚ್‌ಬೋರ್ಡು, ಅದರ ಮೇಲೆ ದುಂಡನೆಯ ಗೋಡೆ ಗಡಿಯಾರ, ಸರಿಯಾಗಿ ಮೂರು ಗಂಟೆ. ಬೋರ್ಡಿನಲ್ಲಿ ಕರೆ ಬಂದದ್ದನ್ನು ತೋರಿಸುವ ಒಂದು ಸಣ್ಣ ಮುಚ್ಚಳ ಟಪ್ಪನೆ ಬಿತ್ತು. ಆ ಕಡೆಯಿಂದ ಒಂದು ನಂಬರು ಕೇಳಿದರು. ಕೂತಲ್ಲೇ ನನಗೆ ಅರ್ಥವಾಯಿತು, ಮತ್ತು ಅರ್ಥವಾಗಬಾರದಿತ್ತು ಅನ್ನಿಸಿತು. ಇದು ನನ್ನ ಬಳಿ ಬಂದಿದೆ ಎಂದರೆ ಬಾಳವ್ವನ ಬಳಿ ಇಲ್ಲ. ನನ್ನನ್ನು ಪರೀಕ್ಷಿಸಿದ ಪ್ರಶ್ನೆಯ ಉತ್ತರವೇ ಜಾರಿತ್ತು. ನಾನೀಗ ಸರಿ ಉತ್ತರ ಹೇಳಿದರೂ ಅದು ಸರಿಯೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಹೋದೆ. ಬಾಳವ್ವ ಆಗಲೇ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

“ನಿಮಗೊಂದು ಪ್ರಶ್ನೆ ಕೇಳಿದ್ನಿ ಅಂತ ನೆನಪೈತಿ. ಉತ್ತರ ಏನಂತ ನೆನಪಿಲ್ಲ” ಎಂದರು. “ಎದ್ದಾಗಿಂದ ಹುಡುಕ್ತೀನಿ. ನಂಬರಿಲ್ಲ. ಮಾತಿಲ್ಲ. ಅವರು ಯಾಕ ಫೋನ ಹಚ್ಚತಿದ್ರು ಅನ್ನೂದ ಇಲ್ಲ.”

“ನನ್ನ ಕಡೆ ಬಂದೈತ್ರಿ ಅಕ್ಕಾರ.”

“ದನಿ?”

ಹಿಂದಿನ ಸಲ ದಪ್ಪ, ಗಂಭೀರ ಎಂದಿದ್ದೆ. ಈಗಲೂ ಒಂದು ದನಿ ಕೊಡಬಹುದಿತ್ತು. ಯಾವ ದನಿಯಾದರೂ ನಡೆಯುತ್ತಿತ್ತು. ಆದರೆ ಬಂದ ನೆನಪಿನಲ್ಲಿ ಅವರು ಏನಂದರು ಎಂಬುದಿತ್ತು, ಅಂದ ದನಿ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಲೈನಿನ ಸೊಂಯ್ ಶಬ್ದವಷ್ಟೇ.

“ದನಿ ಇಲ್ರಿ” ಎಂದೆ. “ಅದು ಜನವರಿಯಾಗ ಬಂದಿರಬೇಕು. ಆವಾಗ ನಾ ಕುಡದಿದ್ನಿ. ಅದು ಹೋತ್ರಿ. ಮಾತು ಅಷ್ಟ ಐತಿ.”

ಬಾಳವ್ವ ತುಟಿ ಬಿಗಿಹಿಡಿದು ತಲೆಯಾಡಿಸಿದರು. “ಹೇಳ್ರಿ.”

“ಮೂರು ಗಂಟೀಕ ಫೋನ ಬಂತು. ಅವರಂದ್ರು: ಏಳುನೂರಾ ಏಳು ಕೊಡ್ರಿ.”

“ಆ ನಂಬರ್ ಇಲ್ರೀ” ಎಂದುಬಿಟ್ಟರು ಬಾಳವ್ವ. ಥಟ್ಟನೆ, ನಾನು ಎಂದೂ ಕೇಳಿರದ ಚುರುಕು ದನಿಯಲ್ಲಿ. ಎಂದ ಮೇಲೆ ತಾವೇ ಬೆಚ್ಚಿದರು. ನಮ್ಮೂರ ಎಕ್ಸ್‌ಚೇಂಜಿನಲ್ಲಿ ಆಗ ಇದ್ದದ್ದು ಮುನ್ನೂರು ನಂಬರು ಮಾತ್ರ. ಇದು ಸಾಕ್ಷಿಯಾಗುವುದಿಲ್ಲ ಎಂದು ನನ್ನೊಳಗಿನ ಡೆಮಾನ್‌ಸ್ಟ್ರೇಟರ್ ಕೂಡಲೇ ಆಕ್ಷೇಪಿಸಿದ. ಇಲ್ಲದ ಯಾವ ನಂಬರಿಗೂ ಆಪರೇಟರ್ ಹಾಗೇ ಅನ್ನುತ್ತಾಳೆ. ನಾನು ಮುಂದಿನದನ್ನು ಹೇಳಿದೆ.

“ಅವರಂದ್ರು: ಹಂಗಾರ ಇದ್ದವರು ನೀವ ಮಾತಾಡ್ರಿ.”

ಬಾಳವ್ವನ ಬಲಗೈ ಮೇಲೆದ್ದು ಕಿವಿಯ ಹತ್ತಿರ ನಿಂತಿತು. ಕಣ್ಣು ಮುಚ್ಚಿದರು. ಸಾವಿರಾರು ಸಲ ಆಡಿದ ಮಾತು ಮಿದುಳಿನ ಬೇರೊಂದು ಜಾಗದಲ್ಲಿರುತ್ತದೆ, ಸೈಕಲ್ ತುಳಿಯುವುದು ಇದ್ದ ಹಾಗೆ. ಅಲ್ಲಿಗೆ ಗುಳಿಗೆಯ ಕೈ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಇದೂ ಆಗಸ್ಟ್ ತಿಂಗಳ ಪಾಠವೇ. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿಕೊಂಡೇ, ಪಿಸುದನಿಯಲ್ಲಿ ಅಂದರು: “ಇಡ್ರಿ, ಇಡ್ರಿ, ಸೂಪರ್‌ವೈಜರ್ ಬಂದ್ರು.”

ನನಗೆ ಬಂದ ನೆನಪು ಮುಗಿಯುವುದು ಅದೇ ಮಾತಿನಿಂದ. ಆ ಮಾತನ್ನು ನಾನಿನ್ನೂ ಹೇಳಿರಲಿಲ್ಲ.

“ಅಕ್ಕಾರ, ಇದನ್ನ ನಾ ಹೇಳಿರ್ಲಿಲ್ರಿ.”

“ಗೊತ್ತೈತಿ” ಎಂದು ಕಣ್ಣು ತೆರೆದರು. ಹೊಸ್ತಿಲಲ್ಲಿ ನಗಬಾರದು ಎಂಬುದನ್ನು ಅಂದು ಅವರು ಮರೆತಿದ್ದರು. “ಇಲ್ಲದ ನಂಬರ್ ಕೇಳಿದ್ರ ಬಿಲ್ಲಿಗೆ ಹತ್ತೂದಿಲ್ಲ ನೋಡ್ರಿ. ಕಳ್ಳ ಇದ್ರು ನಮ್ಮವರು.” ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಬರ್ರಿ, ನಡುವಿಂದೂ ಹೇಳ್ರಿ. ಒಂದೂ ಬಿಡಬ್ಯಾಡ್ರಿ. ಗಡಿಯಾರ ಕಾಣತೈತಲ್ಲ? ಎಷ್ಟು ಹೊತ್ತು ಮಾತಾಡಿದ್ವಿ ಅಂತ ಮೊದಲ ಹೇಳ್ರಿ.”

ಗಡಿಯಾರ ಚೆನ್ನಾಗಿ ಕಾಣುತ್ತಿತ್ತು. ಎರಡು ಸಲ ಎಣಿಸಿದೆ, ಸೇರಿಸದೆ, ಬಿಡದೆ: ಮೂರು ನಿಮಿಷ ಹನ್ನೆರಡು ಸೆಕೆಂಡು.